ಶಂಖಪುಷ್ಪದ ಬಳ್ಳಿ ಕೀಳಬೇಕಾ, ಬಿಡಬೇಕಾ?

ಹೊಸ ಕೈತೋಟ:
ಎಲ್ಲರಿಗೂ ನಮಸ್ಕಾರ. ಬದನೆ ಪಾತಿಯ ಪಕ್ಕ ಶಂಖಪುಷ್ಪ ಹಬ್ಬಿಸಿದ್ದೆ. ನಾಲ್ಕೈದು ತಿಂಗಳು ಮೈತುಂಬ ನೀಲಿ ಹೂ ಬಿಟ್ಟಿತು. ಈಗ ಬುಡದ ಎಲೆ ಹಳದಿಯಾಗಿವೆ, ಮೇಲೆಲ್ಲ ಒಣಗಿದ ಕಾಯಿ. ಬೇರು ಸಮೇತ ಕಿತ್ತು ಬೇರೆ ಏನಾದ್ರೂ ಹಾಕೋಣ ಅಂತಿದ್ದೇನೆ. ಇನ್ನೊಂದು ವಿಷಯ, ಇದರ ಬೀಜ ಪುಡಿ ಮಾಡಿ ತಿಂದರೆ ನೆನಪಿನ ಶಕ್ತಿ ಹೆಚ್ಚುತ್ತೆ ಅಂತ ಯಾರೋ ಹೇಳಿದರು. ತಿನ್ನಬಹುದಾ?

ಬಳ್ಳಿ ಹಂದರ:
ದಯವಿಟ್ಟು ಕೀಳಬೇಡಿ. ಮೊದಲ ವರ್ಷ ನಾನೂ ಹಾಗೇ ಕಿತ್ತಿದ್ದೆ. ಬೇರಿನ ಮಣ್ಣು ಕೊಡವಿದಾಗ ಸಾಸಿವೆ ಗಾತ್ರದ ಗಂಟುಗಳು ಕಂಡವು. ಏನೋ ರೋಗ ಅಂದುಕೊಂಡೆ. ಒಂದನ್ನು ಉಗುರಲ್ಲಿ ಸೀಳಿದರೆ ಒಳಗೆ ನಸುಗೆಂಪು, ಥೇಟ್ ಒಸಡಿನ ಬಣ್ಣ. ಶಂಖಪುಷ್ಪ ಅವರೆ, ಅಲಸಂದೆಯ ಬಳಗದ್ದು ಅಲ್ವಾ? ಆ ಗಂಟುಗಳಲ್ಲಿ ರೈಜೋಬಿಯಂ ಬ್ಯಾಕ್ಟೀರಿಯಾ ಇರುತ್ತೆ. ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತೆ. ಒಳಗೆ ಕೆಂಪಿದ್ದರೆ ಕೆಲಸ ನಡೀತಿದೆ ಅಂತ. ಅಷ್ಟು ಒಳ್ಳೆ ಗೊಬ್ಬರವನ್ನು ನಾನೇ ಕಿತ್ತು ಎಸೆದಿದ್ದೆ. ಈಗಲೂ ನೆನೆಸಿಕೊಂಡರೆ ಬೇಜಾರಾಗುತ್ತೆ.

ನೆಲದಿಂದ ಒಂದು ಗೇಣು ಬಿಟ್ಟು ಕತ್ತರಿಸಿ. ಇದು ಹಲವು ವರ್ಷ ಬಾಳುವ ಬಳ್ಳಿ, ಮತ್ತೆ ಚಿಗುರುತ್ತೆ. ಮೇಲೆ ಕತ್ತರಿಸಿದಾಗ ಕೆಳಗೆ ಒಂದಷ್ಟು ಬೇರು, ಗಂಟು ಉದುರಿ ಕೊಳೆಯುತ್ತವೆ. ಆ ಸಾರ ಪಕ್ಕದ ಬದನೆಗೂ ಸಿಗುತ್ತೆ. ಕತ್ತರಿಸಿದ ಸೊಪ್ಪನ್ನು ಬದನೆ ಬುಡಕ್ಕೇ ಹೊದಿಸಿ. ಯೂರಿಯಾ ಮಾತ್ರ ಹಾಕಬೇಡಿ. ಸುಲಭವಾಗಿ ಸಾರಜನಕ ಸಿಕ್ಕಿದರೆ ಗಂಟು ಕಟ್ಟೋದು ಕಡಿಮೆಯಾಗುತ್ತೆ, ಎಲೆ ಜಾಸ್ತಿ, ಹೂ ಕಮ್ಮಿ. ಮುಂದಿನ ಸಲ ಕಾಯಿ ಹಸಿರಿದ್ದಾಗಲೇ ಕೀಳುತ್ತಿರಿ, ಹೂ ಇನ್ನಷ್ಟು ದಿನ ಬರುತ್ತೆ.

ಹೂವನ್ನು ಒಮ್ಮೆ ಹತ್ತಿರದಿಂದ ನೋಡಿ. ಅವರೆ ಹೂವಿನ ದೊಡ್ಡ ದಳ ಮೇಲಿರುತ್ತೆ. ಇದರದ್ದು ತಲೆಕೆಳಗು, ದೊಡ್ಡ ದಳ ಚಾಪೆಯ ಹಾಗೆ ಕೆಳಗೆ ಹಾಸಿರುತ್ತೆ, ಕೇಸರ ಮೇಲಿರುತ್ತೆ. ಕಪ್ಪು ದುಂಬಿ ಒಳಗೆ ನುಗ್ಗಿದರೆ ಅದರ ಬೆನ್ನಿಗೆ ಪರಾಗ ಮೆತ್ತಿಕೊಳ್ಳುತ್ತೆ. ಬದನೆ, ಟೊಮೆಟೊ ಹೂವನ್ನು ಗುಂಯ್‌ಗುಟ್ಟಿ ಅಲುಗಿಸಿ ಪರಾಗ ಉದುರಿಸೋದೂ ಇದೇ ದುಂಬಿ. ಶಂಖಪುಷ್ಪಕ್ಕೆ ಬಂದದ್ದು ನಿಮ್ಮ ಬದನೆಗೂ ಹೋಗುತ್ತೆ.

ಎಲೆಮದ್ದು:
ಬೀಜದ ಪುಡಿ ಬೇಡವೇ ಬೇಡ. ಬೀಜ, ಬೇರು ಎರಡಕ್ಕೂ ಭೇದಿ ಮಾಡಿಸುವ ಗುಣ ಇದೆ. ಆಯುರ್ವೇದದಲ್ಲಿ ಇದನ್ನು ಅಪರಾಜಿತ ಅಂತ ಬಳಸುತ್ತಾರೆ ನಿಜ, ಆದರೆ ಅಳತೆ ವೈದ್ಯರು ಹೇಳಬೇಕು. ಗರ್ಭಿಣಿಯರಂತೂ ಮುಟ್ಟಲೇಬಾರದು. ಹೆಸರಿನ ಗೊಂದಲವೂ ಇದೆ. ನೆನಪಿನ ಶಕ್ತಿಗೆ ಅಂತ ಹೇಳುವ ಶಂಖಪುಷ್ಪಿ ಹೆಚ್ಚಾಗಿ ನೆಲದಲ್ಲಿ ಹರಡುವ ಬೇರೆಯೇ ಗಿಡ. ಕೆಲವರು ಎರಡನ್ನೂ ಒಂದೇ ಹೆಸರಲ್ಲಿ ಕರೆಯುತ್ತಾರೆ.

ಹೂ ಬಳಸಿ. ಐದಾರು ಹೂ ಬಿಸಿನೀರಿಗೆ ಹಾಕಿದರೆ ಕಡುನೀಲಿ ಬಣ್ಣ ಬಿಡುತ್ತೆ. ನಾಲ್ಕು ಹನಿ ನಿಂಬೆರಸ ಬಿದ್ದರೆ ನೇರಳೆಗೆ ತಿರುಗುತ್ತೆ. ಈ ಹೂವಿನ ಸಾರವನ್ನು ಆಹಾರದ ಬಣ್ಣವಾಗಿ ಬಳಸಲು ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2021ರಲ್ಲಿ ಒಪ್ಪಿಗೆ ಕೊಟ್ಟಿದೆ.

ಬಳ್ಳಿ ಹಂದರ:
ಒಣಗಿದ ಕಾಯಿ ಎಸೆಯಬೇಡಿ. ಬೀಜದ ಸಿಪ್ಪೆ ಬಲು ಗಟ್ಟಿ. ಮರಳು ಕಾಗದದಲ್ಲಿ ಒಂದು ಬದಿ ಸ್ವಲ್ಪ ಉಜ್ಜಿ, ರಾತ್ರಿ ನೀರಲ್ಲಿ ನೆನೆಸಿ. ಬೆಳಿಗ್ಗೆ ಉಬ್ಬಿದವನ್ನು ಬಿತ್ತಿ, ಉಬ್ಬದೇ ಇದ್ದವನ್ನು ಇನ್ನೊಮ್ಮೆ ಉಜ್ಜಿ.

ಹೊಸ ಕೈತೋಟ:
ತುಂಬಾ ಥ್ಯಾಂಕ್ಸ್. ಬುಡದಲ್ಲಿ ಒಂಚೂರು ಕೆದಕಿ ಒಂದು ಗಂಟು ಸೀಳಿ ನೋಡಿದೆ, ಒಳಗೆ ನಸುಗೆಂಪೇ ಇದೆ! ಒಂದು ಗೇಣು ಬಿಟ್ಟು ಕತ್ತರಿಸಿದ್ದೇನೆ. ಬೀಜ ಉಜ್ಜಿ ನೆನೆಹಾಕಿದ್ದೇನೆ.