ಕಾರು ನಿಂತಾಗ ಮಾತ್ರ ಎಂಜಿನ್ ವಿಪರೀತ ಬಿಸಿಯಾಗುತ್ತದೆ, ಯಾಕೆ?

ಪ್ರಶ್ನೆ:
ನನ್ನದು 1968ರ ಕಾರು. ಓಡುತ್ತಿರುವಾಗ ಟೆಂಪರೇಚರ್ ಮುಳ್ಳು ಮಧ್ಯದಲ್ಲೇ ಇರುತ್ತದೆ, ಆದರೆ ಟ್ರಾಫಿಕ್‌ನಲ್ಲಿ ಐದು ನಿಮಿಷ ನಿಂತರೆ ಸಾಕು, ಕೆಂಪು ಗೆರೆಗೆ ಹೋಗುತ್ತದೆ. ಥರ್ಮೋಸ್ಟಾಟ್ (ಬಿಸಿಗೆ ತಕ್ಕಂತೆ ನೀರಿನ ಹರಿವು ತೆರೆಯುವ ವಾಲ್ವ್) ಹೊಸದು, ನೀರೂ ತುಂಬಿದೆ. ಇನ್ನೇನು ನೋಡಲಿ?

ಉತ್ತರ 1:
ನಿಂತಾಗ ಮಾತ್ರ ಅಂದ್ರೆ ಹೆಚ್ಚಾಗಿ ಗಾಳಿ ಸಾಲುತ್ತಿಲ್ಲ. ಫ್ಯಾನ್ ಬೆಲ್ಟ್ ಒತ್ತಿ ನೋಡಿ, ಸಡಿಲ ಇದ್ದರೆ ಜಾರುತ್ತದೆ, ಆಗ ಫ್ಯಾನೂ ವಾಟರ್ ಪಂಪೂ ಎರಡೂ ನಿಧಾನ. ಫ್ಯಾನ್ ಸುತ್ತ ಶ್ರೌಡ್ (ಗಾಳಿಯನ್ನು ರೇಡಿಯೇಟರ್ ಮೂಲಕವೇ ಎಳೆಯುವಂತೆ ಮಾಡುವ ಕವಚ) ಇದೆಯಾ? ಹಳೇ ಕಾರುಗಳಲ್ಲಿ ಯಾರೋ ಬಿಚ್ಚಿಟ್ಟು ಮರೆತಿರುತ್ತಾರೆ, ಅದಿಲ್ಲದಿದ್ದರೆ ಫ್ಯಾನ್ ರೇಡಿಯೇಟರ್ ಬಿಟ್ಟು ಅಕ್ಕಪಕ್ಕದ ಬಿಸಿ ಗಾಳಿಯನ್ನೇ ಎಳೆಯುತ್ತಾ ಕೂರುತ್ತದೆ.

ಉತ್ತರ 2:
ಟೈಮಿಂಗ್ (ಸ್ಪಾರ್ಕ್ ಹೊತ್ತುವ ಸಮಯ) ಕೂಡ ನೋಡಿ, ಸ್ಪಾರ್ಕ್ ತಡವಾದರೆ ಐಡಲ್‌ನಲ್ಲಿ, ಅಂದ್ರೆ ಕಾರು ನಿಂತು ಎಂಜಿನ್ ಓಡುತ್ತಿರುವಾಗ, ಬಿಸಿ ಜಾಸ್ತಿ. ನನ್ನ ಕಾರಲ್ಲಿ ಈ ಟೈಮಿಂಗ್ ಹೊಂದಿಸುವ ವ್ಯಾಕ್ಯೂಮ್ ಪೈಪ್ ಬಿರುಕು ಬಿಟ್ಟಿತ್ತು, ನಾನು ಸುಮ್ನೆ ರೇಡಿಯೇಟರ್ ಬದಲಿಸಿದೆ! ಮತ್ತೆ, ಬಿಸಿ ಇರುವಾಗ ರೇಡಿಯೇಟರ್ ಕ್ಯಾಪ್ ಮುಟ್ಟಬೇಡಿ ಮಾರಾಯ್ರೇ.

ಪ್ರಶ್ನೆ ಕೇಳಿದವರು:
ಶ್ರೌಡ್ ಇಲ್ಲವೇ ಇಲ್ಲ, ನಾಲ್ಕು ಬೋಲ್ಟ್ ತೂತು ಮಾತ್ರ ಖಾಲಿ ಇವೆ. ಬೆಲ್ಟ್ ಹೆಬ್ಬೆರಳಲ್ಲಿ ಒತ್ತಿದರೆ ಒಂದು ಇಂಚಿಗಿಂತ ಜಾಸ್ತಿ ಬಗ್ಗುತ್ತದೆ.

ಉತ್ತರ 1:
ಸುಮಾರು ಅರ್ಧ ಇಂಚು ಬಗ್ಗಿದರೆ ಸರಿ. ಇವತ್ತು ಬೆಲ್ಟ್ ಬಿಗಿ ಮಾಡಿ, ಶ್ರೌಡ್ ಹುಡುಕಲು ಶುರು ಮಾಡಿ.