ಸಿಲಿಂಡರಿಗೆ ಗೇಜ್ ಹಾಕಿದರೆ ಉಳಿದ ಗ್ಯಾಸ್ ಎಷ್ಟೆಂದು ಗೊತ್ತಾಗುತ್ತದೆಯೇ?

ಪ್ರಶ್ನೆ:
14.2 ಕಿಲೋ ಸಿಲಿಂಡರಿಗೆ ಒತ್ತಡ ತೋರಿಸುವ ಗೇಜ್ ಇರುವ ಅಡಾಪ್ಟರ್ ಹಾಕಿದ್ದೇನೆ. ಮೊದಲ ದಿನ ಮುಳ್ಳು ಹಸಿರಿನಲ್ಲಿತ್ತು, ಮೂರು ವಾರ ಕಳೆದರೂ ಹಸಿರಿನಲ್ಲೇ ಇದೆ. ಬೆಳಗಿನ ಜಾವ ಕೊಂಚ ಇಳಿದು ಮಧ್ಯಾಹ್ನ ಮತ್ತೆ ಏರುತ್ತದೆ. ಪಿವಿ = ಎನ್‌ಆರ್‌ಟಿ (ಅನಿಲದ ಒತ್ತಡ, ಗಾತ್ರ, ಪ್ರಮಾಣ, ಉಷ್ಣತೆಗಳನ್ನು ಜೋಡಿಸುವ ಸೂತ್ರ) ಪ್ರಕಾರ ಗ್ಯಾಸ್ ಅರ್ಧ ಆದರೆ ಒತ್ತಡವೂ ಅರ್ಧ ಆಗಬೇಕಲ್ಲವೇ? ಗೇಜ್ ಕೆಟ್ಟಿದೆಯಾ?

ಉತ್ತರ 1:
ಗೇಜ್ ಸರಿಯಾಗೇ ಇದೆ. ಆ ಸೂತ್ರ ಬರೀ ಅನಿಲಕ್ಕೆ; ಸಿಲಿಂಡರಿನೊಳಗೆ ಬಹುಪಾಲು ದ್ರವ. ದ್ರವ ಇರುವ ತನಕ ಮೇಲಿನ ಜಾಗದಲ್ಲಿ ಇರುವುದು ಆವಿ ಒತ್ತಡ, ಅದು ಉಷ್ಣತೆಯನ್ನು ನೋಡುತ್ತದೆಯೇ ಹೊರತು ಉಳಿದ ಪ್ರಮಾಣವನ್ನಲ್ಲ. 20 ಡಿಗ್ರಿಯಲ್ಲಿ ಅಡುಗೆ ಗ್ಯಾಸಿನಲ್ಲಿರುವ ಪ್ರೊಪೇನ್‌ಗೆ ಸುಮಾರು 8 ಬಾರ್ (1 ಬಾರ್ ಎಂದರೆ ಹೆಚ್ಚುಕಡಿಮೆ ಹೊರಗಿನ ಗಾಳಿಯ ಒತ್ತಡ), ಬ್ಯೂಟೇನ್‌ಗೆ ಸುಮಾರು 2. ನಿಮ್ಮ ಮುಳ್ಳು ತೋರಿಸುತ್ತಿರುವುದು ಹವೆಯನ್ನು!

ದ್ರವ ಮುಗಿದ ಮೇಲೆ ನಿಮ್ಮ ಸೂತ್ರ ಕೆಲಸಕ್ಕೆ ಬರುತ್ತದೆ. ಸಿಲಿಂಡರಿನ ಒಳಜಾಗ ಸುಮಾರು 33 ಲೀಟರ್. 25 ಡಿಗ್ರಿ, 4 ಬಾರ್ ಎಂದು ಹಿಡಿದರೆ ಉಳಿದ ಆವಿ ಸುಮಾರು 5.3 ಮೋಲ್, ಅಂದರೆ 300 ಗ್ರಾಂ ಸಹ ಇಲ್ಲ. ಅದರಲ್ಲೂ ಕಾಲುಭಾಗ ಹೊರಗಿನ ಗಾಳಿಯ ಒತ್ತಡಕ್ಕೆ ಸಮನಾಗಿ ಒಳಗೇ ಉಳಿಯುತ್ತದೆ. ಮುಳ್ಳು ಕೆಂಪಿಗೆ ಬಂದಾಗ ಒಂದು ಒಲೆ ಒಂದು ಗಂಟೆ ಉರಿದರೆ ಹೆಚ್ಚು.

ಉತ್ತರ 2:
ತೂಕ ಒಂದೇ ನಂಬಿಕೆಯ ದಾರಿ. ರೆಗ್ಯುಲೇಟರ್ ತೆಗೆದು ತೂಗಿ, ಹಿಡಿಕೆಯ ಪಟ್ಟಿಯ ಮೇಲೆ ಬರೆದಿರುವ ಖಾಲಿ ತೂಕವನ್ನು ಕಳೆಯಿರಿ. ಖಾಲಿ ತೂಕ ಒಂದೊಂದು ಸಿಲಿಂಡರಿಗೆ ಒಂದೊಂದು, ಅಂದಾಜು ಹಿಡಿಯಬೇಡಿ. ತಕ್ಕಡಿ ಇಲ್ಲವೆಂದರೆ ಒದ್ದೆ ಬಟ್ಟೆಯಿಂದ ಇಡೀ ಮೈ ಒರೆಸಿ ನೋಡಿ: ದ್ರವ ಶಾಖ ಹೀರಿಕೊಳ್ಳುವ ಕೆಳಭಾಗ ನಿಧಾನವಾಗಿ ಒಣಗುತ್ತದೆ, ಮೇಲಿನದು ಬೇಗ. ನಡುವಿನ ಗೆರೆಯೇ ದ್ರವದ ಮಟ್ಟ. ಮಳೆಗಾಲದಲ್ಲಿ ಈ ಉಪಾಯ ಅಷ್ಟು ಒಲಿಯದು.

ಉತ್ತರ 3:
ಮೊದಲ ಉತ್ತರಕ್ಕೆ ಸಣ್ಣ ತಿದ್ದುಪಡಿ. ಎಲ್‌ಪಿಜಿ ಮಿಶ್ರಣ. ಪ್ರೊಪೇನ್ ಮೊದಲು ಆವಿಯಾಗಿ ಹೋಗುತ್ತದೆ, ಹಾಗಾಗಿ ಉಷ್ಣತೆ ಅಷ್ಟೇ ಇದ್ದರೂ ಒತ್ತಡ ನಿಧಾನವಾಗಿ ಇಳಿಯುತ್ತದೆ. ಆದರೂ ಅದನ್ನು ನೋಡಿ ಕಿಲೋ ಲೆಕ್ಕ ಹಾಕಲಾಗದು.

ಕೇಟರಿಂಗ್ ಒಲೆಗಳಲ್ಲಿ ಇನ್ನೊಂದು ಪೇಚು. ಒಂದು ಕಿಲೋ ದ್ರವ ಆವಿಯಾಗಲು ಸುಮಾರು 350 ಕಿಲೋಜೂಲ್ ಬೇಕು. ಗಂಟೆಗೆ ಒಂದು ಕಿಲೋ ಎಳೆಯುವ ಒಲೆಗೆ ಸಿಲಿಂಡರ್ ಸುತ್ತಲಿನ ಗಾಳಿಯಿಂದ ಸುಮಾರು 100 ವ್ಯಾಟ್ ಶಾಖ ಎಳೆದುಕೊಳ್ಳಬೇಕು. 19 ಕಿಲೋ ಸಿಲಿಂಡರಿನಲ್ಲಿ 5 ಕಿಲೋ ಉಳಿದಿದ್ದು ಹೊರಗಿನಿಂದ ಶಾಖವೇ ಬಾರದಿದ್ದರೆ ಗಂಟೆಗೆ ಹೆಚ್ಚುಕಡಿಮೆ 17 ಡಿಗ್ರಿ ತಣ್ಣಗಾಗುತ್ತದೆ. ನಿಜದಲ್ಲಿ ಅಷ್ಟಿಲ್ಲ, ಆದರೂ ಮೈ ಬೆವರಿ, ಮಂಜು ಹಿಡಿದು, ಉರಿ ಕುಗ್ಗುತ್ತದೆ. ಗ್ಯಾಸ್ ಮುಗಿಯಿತೆಂದು ವಾಪಸ್ ಕಳಿಸುವ ಎಷ್ಟೋ ಸಿಲಿಂಡರುಗಳಲ್ಲಿ ಕಿಲೋಗಟ್ಟಲೆ ಉಳಿದಿರುತ್ತದೆ.

ಎರಡು ಸಿಲಿಂಡರ್ ಮ್ಯಾನಿಫೋಲ್ಡಿಗೆ (ಹಲವು ಸಿಲಿಂಡರುಗಳನ್ನು ಕೂಡಿಸುವ ಪೈಪು) ಸೇರಿಸಿ ಒಟ್ಟಿಗೆ ತೆರೆದಿಟ್ಟರೆ ಒಂದೊಂದರ ಮೇಲಿನ ಎಳೆತ ಅರ್ಧವಾಗುತ್ತದೆ. ಕುದಿಯುವ ನೀರು ಸುರಿಯಬೇಡಿ, ಪಕ್ಕದಲ್ಲಿ ಕೆಂಡ ಇಡಬೇಡಿ. ಅಡ್ಡ ಮಲಗಿಸುವುದಂತೂ ಬೇಡವೇ ಬೇಡ: ದ್ರವವೇ ರೆಗ್ಯುಲೇಟರಿಗೆ ನುಗ್ಗಿ ಅಲ್ಲಿಂದ ಮುಂದೆ 250 ಪಟ್ಟು ಹಿಗ್ಗುತ್ತದೆ, ಒಲೆಯಲ್ಲಿ ಬೆಂಕಿ ಆಳೆತ್ತರಕ್ಕೆ ಏಳುತ್ತದೆ.