ವಿಯೆನ್ನಾದಿಂದ ಏನು ತರಬೇಕು? ಹೋಗಿ ಬಂದವರು ಹೇಳಿ

ನಂದಿನಿ (ಪ್ರಶ್ನೆ)
ಮುಂದಿನ ತಿಂಗಳು ವಿಯೆನ್ನಾಗೆ ಹೋಗುತ್ತಿದ್ದೇವೆ. ಶುಕ್ರವಾರ ರಾತ್ರಿ ಇಳಿದು ಸೋಮವಾರ ಬೆಳಿಗ್ಗೆ ವಾಪಸ್. ಕ್ಯಾಬಿನ್ ಬ್ಯಾಗ್ ಮಾತ್ರ, ಚೆಕ್‌ಇನ್ ಲಗೇಜ್ ಇಲ್ಲ. ಅತ್ತೆಗೆ ಏನಾದರೂ ಒಂದು, ಇಬ್ಬರು ಮಕ್ಕಳಿಗೆ ಒಂದೊಂದು, ಆಫೀಸಿನಲ್ಲಿ ಹಂಚೋಕೆ ಸಿಹಿ. ಎಲ್ಲ ಸೇರಿ 100 ಯೂರೋ ಒಳಗೆ ಮುಗಿಯಬೇಕು. ಅತ್ತೆ ಮೊಟ್ಟೆ ತಿನ್ನುವುದಿಲ್ಲ. ಏನು ತಗೊಳ್ಳಲಿ?

ಹೇಮಾ
ಏನು ಬೇಕಾದರೂ ತಗೊಳ್ಳಿ, ಸ್ನೋ ಗ್ಲೋಬ್ ಮಾತ್ರ ಬೇಡ. ಅದು ಹುಟ್ಟಿದ ಊರೇ ವಿಯೆನ್ನಾ ಅಂತ ಎಲ್ಲರೂ ಹೇಳುತ್ತಾರೆ.  1900ರಲ್ಲಿ ಎರ್ವಿನ್ ಪೆರ್ಟ್ಸಿ ಅನ್ನುವವನು, ಆಪರೇಷನ್ ಸಲಕರಣೆ ಮಾಡುತ್ತಿದ್ದವನು, ಬಲ್ಬಿನ ಬೆಳಕು ಜಾಸ್ತಿ ಮಾಡೋಕೆ ನೀರು ತುಂಬಿದ ಗಾಜಿನ ಗೋಳದೊಳಗೆ ರವೆ ಹಾಕಿ ನೋಡಿದನಂತೆ. ಬೆಳಕು ಜಾಸ್ತಿ ಆಗಲಿಲ್ಲ. ರವೆ ಹಿಮದ ಹಾಗೆ ಉದುರಿತು. ಅವನ ಮನೆಯವರೇ ಈಗಲೂ 17ನೇ ಜಿಲ್ಲೆಯಲ್ಲಿ ಮಾಡುತ್ತಾರೆ, ಪಕ್ಕದಲ್ಲೇ ಪುಟ್ಟ ಮ್ಯೂಸಿಯಂ.

ನಾನು ಟ್ರಾಮ್ ಹಿಡಿದು ಅಲ್ಲಿವರೆಗೂ ಹೋದೆ. ಒಳಗೆ ಸ್ಟೀಫನ್ಸ್ ಚರ್ಚ್ ಇರುವ ದೊಡ್ಡ ಗೋಳ, 29 ಯೂರೋ. ಎರಡು ಸ್ವೆಟರ್‌ನಲ್ಲಿ ಸುತ್ತಿ ಕ್ಯಾಬಿನ್ ಬ್ಯಾಗ್‌ಗೆ ಹಾಕಿಕೊಂಡೆ. ದಾರಿಯಲ್ಲಿ ವಿಮಾನ ಬದಲಿಸುವ ಊರಿನಲ್ಲಿ ಮತ್ತೆ ತಪಾಸಣೆ. ಅಲ್ಲಿದ್ದವನು ಸ್ವೆಟರ್ ಬಿಚ್ಚಿ, ಗೋಳ ಅಲ್ಲಾಡಿಸಿ, ಹಿಮ ಬೀಳೋದನ್ನು ಪೂರ್ತಿ ನೋಡಿ, ಆಮೇಲೆ "ನೀರು" ಅಂದ. ಬೇಕಾದರೆ ಹೊರಗೆ ಹೋಗಿ ಬ್ಯಾಗ್ ಚೆಕ್‌ಇನ್ ಮಾಡಿಸಿ ಅಂದ. ಅದಕ್ಕೆ 60 ಯೂರೋ. 29ರ ಗೋಳಕ್ಕೆ 60! ತೊಟ್ಟಿಗೆ ಹಾಕಿದ. ಅದೂ ಎಸೆಯಲಿಲ್ಲ, ಮೆಲ್ಲಗೆ ಇಟ್ಟ. ಯಾರ ಮನೆಯ ಷೋಕೇಸ್ ಸೇರಿತೋ ದೇವರಿಗೇ ಗೊತ್ತು.

ಲೆಕ್ಕದ ಮೇಷ್ಟ್ರು
ಹೇಮಾ ಅವರೇ, ಕ್ಯಾಬಿನ್ ಬ್ಯಾಗ್‌ನಲ್ಲಿ ದ್ರವಕ್ಕೆ 100 ಮಿಲಿ ಮಿತಿ ಅನ್ನೋದು ಎಲ್ಲರಿಗೂ ಗೊತ್ತಿರುವ ವಿಷಯ. 8 ಸೆಂಟಿಮೀಟರ್ ಅಡ್ಡಗಲದ ಗೋಳ ಅಂದರೆ 268 ಮಿಲಿ. ಗಾಜಿನ ದಪ್ಪ ಕಳೆದರೂ 200 ದಾಟುತ್ತದೆ. ಅದೇ 4.5 ಸೆಂಟಿಮೀಟರ್‌ನದು ತಗೊಂಡಿದ್ದರೆ 48 ಮಿಲಿ. ಒಂದು ಲೀಟರಿನ ಪಾರದರ್ಶಕ ಚೀಲದಲ್ಲಿ ಶಾಂಪೂ ಜೊತೆ ಇಟ್ಟರೆ ಆಯಿತು. ನಾನು ಮೊಮ್ಮಗಳಿಗೆ ತಂದಿದ್ದು ಅದನ್ನೇ. ಈಗಲೂ ಮೇಜಿನ ಮೇಲಿದೆ.

ಹಂಚೋಕೆ ಮ್ಯಾನರ್ ವೇಫರ್ ಬಿಟ್ಟು ಬೇರೆ ಯೋಚನೆಯೇ ಬೇಡ. ಗುಲಾಬಿ ಪೊಟ್ಟಣ, 75 ಗ್ರಾಂ, ಒಳಗೆ 10 ತುಂಡು, ಐದು ಪದರ ವೇಫರ್ ನಡುವೆ ನಾಲ್ಕು ಪದರ ಹೇಜಲ್‌ನಟ್ ಕ್ರೀಮ್. 1898ರಿಂದ ಮಾಡುತ್ತಿದ್ದಾರೆ. ಪೊಟ್ಟಣದ ಮೇಲೆ ಸ್ಟೀಫನ್ಸ್ ಚರ್ಚಿನ ಚಿತ್ರ ಹಾಕಿಕೊಳ್ಳುವುದಕ್ಕೆ ಬದಲಾಗಿ ಕಂಪನಿಯವರು ಆ ಚರ್ಚಿನ ಒಬ್ಬ ಕಲ್ಲುಕುಟಿಗನ ಸಂಬಳ ಕೊಡುತ್ತಾರೆ. ನಾನು ಹೋದಾಗ ಚರ್ಚಿನ ಸುತ್ತಲಿನ ನೆನಪಿನ ಕಾಣಿಕೆ ಅಂಗಡಿಯೊಂದರಲ್ಲಿ ಪೊಟ್ಟಣಕ್ಕೆ 2.40, ನಾಲ್ಕು ಬೀದಿ ಆಚೆ ಸೂಪರ್‌ಮಾರ್ಕೆಟ್‌ನಲ್ಲಿ 1.29. ಇಪ್ಪತ್ತು ಪೊಟ್ಟಣ ತಗೊಂಡೆ. ಉಳಿತಾಯ 22 ಯೂರೋ 20 ಸೆಂಟ್. ತೂಕ ಒಂದೂವರೆ ಕೆಜಿ. ಮೊಟ್ಟೆಯೂ ಇಲ್ಲ, ಹಾಲೂ ಇಲ್ಲ.

ಹೇಮಾ
ಮೇಷ್ಟ್ರೇ, ನಿಮ್ಮ 48 ಮಿಲಿ ಗೋಳದಲ್ಲಿ ಚರ್ಚ್ ಕಾಣುತ್ತದಾ, ಭೂತಗನ್ನಡಿ ಬೇಕಾ? ಎಲ್ಲರಿಗೂ ಗೊತ್ತು ಅಂತೀರಿ, ಕೆಲವು ವಿಮಾನ ನಿಲ್ದಾಣಗಳಲ್ಲಿ ಹೊಸ ಸ್ಕ್ಯಾನರ್ ಬಂದು ನಿಯಮ ಸಡಿಲ ಆಗಿದೆ, ಇನ್ನು ಕೆಲವು ಕಡೆ ಹಳೆಯದೇ. ಹತ್ತುವ ಕಡೆ ಒಂದು, ಇಳಿದು ಹತ್ತುವ ಕಡೆ ಇನ್ನೊಂದು. ನನ್ನನ್ನು ಮೊದಲ ಊರಿನಲ್ಲಿ ಬಿಟ್ಟಿದ್ದರು, ಸ್ವಾಮಿ. ಕೊಂಡು ತಂದವರನ್ನು ಬೈಯೋದು ಸುಲಭ.

ಶೈಲಜಾ
ವೇಫರ್ ಅಂತೆ. ವಿಯೆನ್ನಾಗೆ ಹೋಗಿ ವೇಫರ್ ತಂದರೆ ಜನ ಏನಂದುಕೊಳ್ಳುತ್ತಾರೆ? ಸಾಹರ್ ಟೋರ್ಟೆ ಅನ್ನುವ ಚಾಕೊಲೇಟ್ ಕೇಕ್ ತನ್ನಿ. 1832ರಲ್ಲಿ ಆಸ್ಟ್ರಿಯಾದ ಮಂತ್ರಿ ಮೆಟರ್ನಿಕ್ ಮನೆಗೆ ಅತಿಥಿಗಳು ಬಂದಾಗ, ದೊಡ್ಡ ಬಾಣಸಿಗ ಕಾಯಿಲೆ ಬಿದ್ದು, 16 ವರ್ಷದ ಕೆಲಸದ ಹುಡುಗ ಫ್ರಾಂಟ್ಸ್ ಸಾಹರ್ ಮಾಡಿದ ಕೇಕ್ ಅಂತ ಕಥೆ. ಹೋಟೆಲ್ ಸಾಹರ್‌ನಲ್ಲಿ ಮರದ ಪೆಟ್ಟಿಗೆಯಲ್ಲಿ ಕೊಡುತ್ತಾರೆ. ಒಳಗೆ ಏಪ್ರಿಕಾಟ್ ಜಾಮ್ ಎರಡು ಪದರ, ಒಂದು ನಡುವೆ, ಒಂದು ಚಾಕೊಲೇಟ್ ಕೆಳಗೆ. ಮೇಲೆ ದುಂಡನೆಯ ಮುದ್ರೆ. ನಲವತ್ತರ ಮೇಲೆ ಕೊಟ್ಟೆ, ಒಂದು ಸೆಂಟ್‌ಗೂ ಬೇಜಾರಿಲ್ಲ. ತೊಡೆ ಮೇಲೆ ಇಟ್ಟುಕೊಂಡು ಬಂದೆ. ಗಗನಸಖಿ ಬಂದು ಮೇಲೆ ಇಡಿ ಅಂದಳು, ಮೇಲೆ ಇಟ್ಟರೆ ಯಾರೋ ಸೂಟ್‌ಕೇಸ್ ತಳ್ಳುತ್ತಾರೆ. ಕೊನೆಗೆ ಸೀಟಿನ ಕೆಳಗೆ, ನನ್ನ ಕಾಲ ನಡುವೆ. ಕಾಲು ನೀಡೋಕೆ ಆಗಲಿಲ್ಲ, ಮೊಣಕಾಲು ಹಿಡಿದುಕೊಂಡಿತು. ಆದರೆ ಮನೆಯಲ್ಲಿ ಪೆಟ್ಟಿಗೆ ತೆಗೆದಾಗ ಒಂದು ಬಿರುಕೂ ಇರಲಿಲ್ಲ.

ರಾಘು
ಮೇಡಂ, ದುಡ್ಡು ಕೊಟ್ಟಿದ್ದು ಪೆಟ್ಟಿಗೆಗೆ. ಫ್ರಾಂಟ್ಸ್‌ನ ಮಗ ಎಡುವರ್ಡ್ ಆ ಕೇಕನ್ನು ಈಗಿರುವ ರೂಪಕ್ಕೆ ತಂದದ್ದು ಡೇಮೆಲ್ ಅನ್ನುವ ಕೇಕ್ ಅಂಗಡಿಯಲ್ಲಿ ಕೆಲಸ ಕಲಿಯುವಾಗ. ಹೋಟೆಲ್ ಕಟ್ಟಿದ್ದು ಆಮೇಲೆ, 1876ರಲ್ಲಿ. ಡೇಮೆಲ್‌ನದರಲ್ಲಿ ಜಾಮ್ ಒಂದೇ ಪದರ, ಚಾಕೊಲೇಟ್ ಕೆಳಗೆ. ಹಾಗಾಗಿ ಕೇಕಿನ ರುಚಿ ಗೊತ್ತಾಗುತ್ತದೆ, ಜಾಮಿನ ರುಚಿ ಅಲ್ಲ. ನಾನು ಕೋಲ್‌ಮಾರ್ಕ್ಟ್ ಬೀದಿಯಲ್ಲಿ ಮಳೆಯಲ್ಲಿ ಸಾಲು ನಿಂತು ತಗೊಂಡವನು.

ಶೈಲಜಾ
ಎರಡೂ ಅಂಗಡಿಯ ಕೋರ್ಟ್ ಜಗಳ ಹೇಗೆ ಮುಗಿಯಿತು ಅದನ್ನೂ ಬರೆಯಿರಿ ಮತ್ತೆ. ವರ್ಷಗಟ್ಟಲೆ ಜಗಳ ಆಡಿ 1963ರಲ್ಲಿ ಕೋರ್ಟಿನ ಹೊರಗೆ ರಾಜಿ ಆಯಿತು. "ಒರಿಜಿನಲ್" ಅನ್ನುವ ಹೆಸರು ಹೋಟೆಲ್‌ಗೆ. ಡೇಮೆಲ್‌ಗೆ ಎಡುವರ್ಡ್ ಹೆಸರಿನ ತ್ರಿಕೋನ ಮುದ್ರೆ. ಇದಕ್ಕಿಂತ ಸ್ಪಷ್ಟ ಏನು ಬೇಕು?

ರಾಘು
ಹೆಸರು ಯಾರದ್ದು ಅಂತ ರಾಜಿಪತ್ರ ಹೇಳಬಹುದು. ರುಚಿ ಯಾರದ್ದು ಅಂತ ನಾಲಿಗೆ ಹೇಳಬೇಕು. ಎರಡೂ ಕಡೆ ಸಕ್ಕರೆ ಹಾಕದ ಕ್ರೀಮ್ ಜೊತೆ ತಿನ್ನಬೇಕು, ಬರೀ ತಿಂದರೆ ಗಂಟಲಿಗೆ ಹಿಡಿಯುತ್ತದೆ. ಮನೆಗೆ ತಂದವರು ಕ್ರೀಮ್ ಇಲ್ಲದೆ ತಿಂದು "ಇಷ್ಟೇನಾ" ಅಂತಾರೆ. ಶೈಲಜಾ ಮೇಡಂ ಮನೆಯಲ್ಲಿ ಏನಂದರೋ.

ಶೈಲಜಾ
ನಮ್ಮ ಮನೆ ಸುದ್ದಿ ನಿಮಗೆ ಯಾಕೆ?

ವಸುಧಾ
ಅವರ ಅತ್ತೆ ಮೊಟ್ಟೆ ತಿನ್ನುವುದಿಲ್ಲ ಅಂತ ಮೊದಲೇ ಬರೆದಿದ್ದಾರೆ ಕಣ್ರೀ. ಆ ಕೇಕ್ ನಿಲ್ಲೋದೇ ಮೊಟ್ಟೆಯ ಮೇಲೆ. ಒಬ್ಬರಾದರೂ ಪ್ರಶ್ನೆ ಓದಿದ್ದೀರಾ?

ನಾನು ಅಮ್ಮನಿಗೆ ತಂದಿದ್ದು ಕ್ಲಿಮ್ಟ್ ಅನ್ನುವ ಚಿತ್ರಕಾರನ ಚಿತ್ರ ಇರುವ ರೇಷ್ಮೆ ಸ್ಕಾರ್ಫ್. "ದಿ ಕಿಸ್", 1907-08ರದು, ಬೆಲ್ವೆಡೇರ್ ಅರಮನೆಯಲ್ಲಿದೆ. ಮೊದಲು ಚಿತ್ರ ನೋಡಿದೆ. ಚಿನ್ನದ ಹಾಳೆ ಮೇಲಿನ ಬೆಳಕು ನೋಡಿ ಹತ್ತು ನಿಮಿಷ ಅಲ್ಲೇ ನಿಂತಿದ್ದೆ. ಆಮೇಲೆ ಮ್ಯೂಸಿಯಂ ಅಂಗಡಿಗೆ ಹೋದೆ. 45 ಯೂರೋ. ಬೀದಿಯಲ್ಲಿ 12ಕ್ಕೆ ಸಿಗುತ್ತದೆ ಅಂತ ಗಂಡ ಎಳೆದುಕೊಂಡು ಹೋದರು. ಬೀದಿಯದರಲ್ಲಿ ಚಿನ್ನದ ಬಣ್ಣ ಸಾಸಿವೆ ಆಗಿತ್ತು, ಹುಡುಗಿಯ ಮುಖ ಹಸಿರು. ವಾಪಸ್ ಬಂದು 45 ಕೊಟ್ಟೇ ತಗೊಂಡೆ. ಆ ನಡಿಗೆಗೆ ಒಂದೂವರೆ ಗಂಟೆ ಹೋಯಿತು, ಅದನ್ನು ಅವರು ಇವತ್ತಿಗೂ ಒಪ್ಪಲ್ಲ. ಸ್ಕಾರ್ಫ್ ತೂಕವಿಲ್ಲ, ಒಡೆಯಲ್ಲ, ನೀರಿಲ್ಲ.

ಪ್ರಸನ್ನ
ಕ್ಲಿಮ್ಟ್ ತೀರಿಕೊಂಡಿದ್ದು 1918ರಲ್ಲಿ. ಹಕ್ಕು ಯಾವತ್ತೋ ಮುಗಿದಿದೆ. ಅದಕ್ಕೇ ಕೊಡೆ, ಕನ್ನಡಕದ ಡಬ್ಬಿ, ಟೀ ಕಪ್, ಎಲ್ಲದರ ಮೇಲೂ ಆ ಜೋಡಿ ತಬ್ಬಿಕೊಂಡು ನಿಂತಿದೆ. ಯಾರು ಬೇಕಾದರೂ ಅಚ್ಚು ಹಾಕಬಹುದು. ಅಮ್ಮನಿಗೆ ಮುತ್ತಿನ ಚಿತ್ರ ಕೊಡೋದು ಸರೀನಾ ಅನ್ನೋದು ಬೇರೆ ಪ್ರಶ್ನೆ.

ನನ್ನ ಸಿಟ್ಟು ಮೊಜಾರ್ಟ್ ಕೂಗೆಲ್ ಮೇಲೆ, ಸಂಗೀತಗಾರ ಮೊಜಾರ್ಟ್ ಹೆಸರಿನ ಚಾಕೊಲೇಟ್ ಉಂಡೆ. ಒಳಗೆ ಪಿಸ್ತಾ ಮಾರ್ಜಿಪಾನ್ (ಬೀಜ-ಸಕ್ಕರೆಯ ಹೂರಣ), ಸುತ್ತ ನುಗಾ (ಹೇಜಲ್‌ನಟ್ ಹೂರಣ), ಮೇಲೆ ಕಪ್ಪು ಚಾಕೊಲೇಟ್. ಕಂಡುಹಿಡಿದವನು ಪೌಲ್ ಫ್ಯೂರ್ಸ್ಟ್, 1890ರಲ್ಲಿ, ಸಾಲ್ಜ್‌ಬರ್ಗ್‌ನಲ್ಲಿ. ವಿಯೆನ್ನಾದಲ್ಲಲ್ಲ! ಮೊಜಾರ್ಟ್ ಸತ್ತು 99 ವರ್ಷ ಆದ ಮೇಲೆ. ಅವರ ಅಂಗಡಿಯದು ಇವತ್ತಿಗೂ ಕೈಯಲ್ಲೇ ಮಾಡಿದ್ದು, ಬೆಳ್ಳಿ ಹಾಳೆ ಮೇಲೆ ನೀಲಿ ಅಚ್ಚು. ನನಗೆ ಇದೆಲ್ಲ ಹೇಳುವವರು ಯಾರೂ ಇರಲಿಲ್ಲ. ಕೆರ್ಟ್ನರ್ ಬೀದಿಯ ಒಂದು ಅಂಗಡಿಯವಳು "ಇದೇ ಅಸಲಿ" ಅಂತ ಕೈಗಿಟ್ಟಳು. ಹೃದಯದ ಆಕಾರದ ಡಬ್ಬಿ, ಎರಡು. 38 ಯೂರೋ. ಮನೆಗೆ ಬಂದು ನೋಡಿದರೆ ಉಂಡೆಯ ಒಂದು ಬದಿ ಚಪ್ಪಟೆ. ಡಬ್ಬಿ ತಿರುಗಿಸಿದರೆ ತಯಾರಾಗಿದ್ದು ಜರ್ಮನಿಯಲ್ಲಿ. ಆಸ್ಟ್ರಿಯಾಕ್ಕೆ ಹೋಗಿ ಜರ್ಮನಿಯ ಮಿಠಾಯಿ! ಆಫೀಸಿಗೆ ಒಯ್ದರೆ ಮ್ಯಾನೇಜರ್ ಒಂದು ಬಾಯಿಗೆ ಹಾಕಿಕೊಂಡು "ಇದು ನಮ್ಮ ಪಕ್ಕದ ಅಂಗಡಿಯಲ್ಲೂ ಸಿಗುತ್ತದೆ" ಅಂದರು.

ಲೆಕ್ಕದ ಮೇಷ್ಟ್ರು
ಚಪ್ಪಟೆಯಾಗಿದ್ದರೆ ಮೇಜಿನ ಮೇಲೆ ಉರುಳುವುದಿಲ್ಲ, ಒಳ್ಳೆಯದೇ ಅಲ್ವಾ. ರುಚಿ ಕೆಟ್ಟಿತ್ತೇ?

ಪ್ರಸನ್ನ
ರುಚಿ ಪ್ರಶ್ನೆ ಅಲ್ಲ ಸರ್. ಮೋಸ ಪ್ರಶ್ನೆ.

ಜಯಣ್ಣ
ನನ್ನ ಸಲಹೆ, ಕುಂಬಳ ಬೀಜದ ಎಣ್ಣೆ. ಸ್ಟೈರಿಯಾ ಪ್ರಾಂತ್ಯದ್ದು. ಕಪ್ಪು ಹಸಿರು ಬಣ್ಣ, ಹುರಿದ ಬೀಜದ ಘಮ. ಅಲ್ಲಿ ವೆನಿಲಾ ಐಸ್ ಕ್ರೀಮ್ ಮೇಲೂ ಹಾಕಿಕೊಳ್ಳುತ್ತಾರೆ. ನಾಶ್‌ಮಾರ್ಕ್ಟ್ ಸಂತೆಯಲ್ಲಿ ಚಮಚದಲ್ಲಿ ರುಚಿ ನೋಡೋಕೆ ಕೊಟ್ಟರು, ಅರ್ಧ ಲೀಟರ್ ತಗೊಂಡೆ, 16 ಯೂರೋ. ಬಿರಡೆ ಸರಿಯಾಗಿ ಹಾಕಿರಲಿಲ್ಲ ಪುಣ್ಯಾತ್ಮ. ಚೆಕ್‌ಇನ್ ಪೆಟ್ಟಿಗೆ ತೆಗೆದಾಗ ಮೂರು ಬಿಳಿ ಅಂಗಿ, ಹೆಂಡತಿಯ ಸೀರೆಯೊಂದರ ಸೆರಗು, ನನ್ನ ಪಾಸ್‌ಪೋರ್ಟಿನ ಕವರ್, ಎಲ್ಲ ಹಸಿರು. ಸೋಪು, ನಿಂಬೆಹಣ್ಣು, ಸೋಡಾ, ಯಾವುದಕ್ಕೂ ಜಗ್ಗಲಿಲ್ಲ. ಒಗೆಯುವವರು ಕೈ ಎತ್ತಿದರು. ಉಳಿದ ಕಾಲು ಲೀಟರ್ ಎಣ್ಣೆ ಮಾತ್ರ ಅಮೃತ.

ವಸುಧಾ
ಜಯಣ್ಣನವರೇ, ಆ ಎಣ್ಣೆಯ ಕಲೆ ಬಿಸಿಲಿಗೆ ಹೋಗುತ್ತದೆ. ಒಣಗಿ ಹಾಕಿದರೆ ಬಣ್ಣ ತಾನಾಗೇ ಮಾಸುತ್ತದೆ. ಸ್ಟೈರಿಯಾದವರೆಲ್ಲ ಮಾಡೋದು ಅದನ್ನೇ.

ಜಯಣ್ಣ
ಈಗ ಹೇಳ್ತೀರಲ್ಲಮ್ಮ. ಅಂಗಿಗಳು ಒರೆಸುವ ಬಟ್ಟೆ ಆಗಿ ವರ್ಷ ಕಳೆಯಿತು.

ಹೇಮಾ
ಕ್ಯಾಬಿನ್ ಬ್ಯಾಗ್ ಮಾತ್ರ ಅಂದವರಿಗೆ ಅರ್ಧ ಲೀಟರ್ ಎಣ್ಣೆ! ಮೇಷ್ಟ್ರೇ, ಇದಕ್ಕೆ ಲೆಕ್ಕ ಹಾಕಲ್ವಾ? ನನಗೆ ಮಾತ್ರ ಪಾಠವಾ?

ವಿ.ಕೆ.
ಎಲ್ಲರೂ ಚಿಲ್ಲರೆ ಮಾತಾಡುತ್ತಿದ್ದೀರಿ. ನಾನು ತಂದಿದ್ದು ಔಗಾರ್ಟನ್ ಪಿಂಗಾಣಿ. 1718ರಲ್ಲಿ ಶುರುವಾದದ್ದು. ಜರ್ಮನಿಯ ಮೈಸೆನ್ ಬಿಟ್ಟರೆ ಯುರೋಪಿನಲ್ಲಿ ಅದಕ್ಕಿಂತ ಹಳೆಯ ಪಿಂಗಾಣಿ ಕಾರ್ಖಾನೆ ಇರಲಿಲ್ಲ. ನಡುವೆ 1864ರಲ್ಲಿ ಮುಚ್ಚಿ 1923ರಲ್ಲಿ ಮತ್ತೆ ತೆರೆಯಿತು. ಒಂದೇ ಒಂದು ಕಪ್ಪು, ಒಂದು ಬಸಿ. 132 ಯೂರೋ.

ಕಪ್ಪಿನ ಮೇಲೆ ನನಗೆ ದೂರಿಲ್ಲ. ತೆರಿಗೆ ವಾಪಸಾತಿಯ ಮೇಲೆ ಇದೆ. ಯುರೋಪಿಯನ್ ಒಕ್ಕೂಟದ ಹೊರಗಿನವರಿಗೆ ಬಿಲ್ 75 ಯೂರೋ ದಾಟಿದರೆ ತೆರಿಗೆ ವಾಪಸ್. ಅಂಗಡಿಯಲ್ಲಿ ಪಾಸ್‌ಪೋರ್ಟ್ ತೋರಿಸಿ ಚೀಟಿ ತುಂಬಿಸಿಕೊಂಡೆ. ಕಪ್ಪು ಒಡೆದೀತು ಅಂತ ಕೈಚೀಲದಲ್ಲೇ ಇಟ್ಟುಕೊಂಡೆ. ಕೈಚೀಲದ ಸಾಮಾನಿಗೆ ಮುದ್ರೆ ಹಾಕುವುದು ಒಕ್ಕೂಟ ಬಿಡುವ ಕೊನೆಯ ವಿಮಾನ ನಿಲ್ದಾಣದಲ್ಲಿ. ನನ್ನದು ದಾರಿಯಲ್ಲಿ ಇನ್ನೊಂದು ಊರು, ಅಲ್ಲಿ ಎಪ್ಪತ್ತು ನಿಮಿಷ ಬಿಡುವು. ಕೌಂಟರ್ ಹುಡುಕೋಕೆ ಇಪ್ಪತ್ತು, ಸಾಲಿನಲ್ಲಿ ಮೂವತ್ತು. ನನ್ನ ಮುಂದಿದ್ದವನ ಹತ್ತಿರ ಕೈಗಡಿಯಾರದ್ದೇ ಒಂದು ಕಂತೆ ಚೀಟಿ. ವಿಮಾನದ ಕೊನೆಯ ಕರೆ ಬಂತು. ಓಡಿದೆ. ಮುದ್ರೆ ಇಲ್ಲ, ದುಡ್ಡಿಲ್ಲ. 132ರ ಶೇಕಡಾ 20, ಅಂದರೆ 26 ಯೂರೋ ಹೋಯಿತು.

ಲೆಕ್ಕದ ಮೇಷ್ಟ್ರು
26 ಅಲ್ಲ, 22. ತೆರಿಗೆ ಬೆಲೆಯೊಳಗೇ ಸೇರಿರುತ್ತದೆ. 110ಕ್ಕೆ ಶೇಕಡಾ 20 ಸೇರಿ 132. ಬಿಲ್ಲಿನ ಆರನೇ ಒಂದು ಭಾಗ. ಅದರಲ್ಲೂ ಮಧ್ಯವರ್ತಿ ಕಂಪನಿ ತನ್ನ ಪಾಲು ಕಳೆದು ಕೊಡುತ್ತದೆ. ತಿಂಡಿಗಾದರೆ ತೆರಿಗೆಯೇ ಕಮ್ಮಿ.

ವಿ.ಕೆ.
ನಾಲ್ಕು ಯೂರೋ ಕಮ್ಮಿ ಕಳೆದುಕೊಂಡೆ ಅಂತ ಸಂತೋಷ ಪಡಲಾ? ನೀವು ಕಲಿಸಿದ ಮಕ್ಕಳ ಗತಿ ಏನೋ.

ಲೆಕ್ಕದ ಮೇಷ್ಟ್ರು
ಅವರು ಬಿಲ್ ಓದುತ್ತಾರೆ.

ನಂದಿನಿ (ಪ್ರಶ್ನೆ)
ಎಲ್ಲರಿಗೂ ಥ್ಯಾಂಕ್ಸ್. ಮ್ಯಾನರ್ ಪಕ್ಕಾ. ಮಕ್ಕಳಿಗೆ ಏನು ಅಂತ ಯಾರೂ ಹೇಳಲಿಲ್ಲ. ಶನಿವಾರ ಪೂರ್ತಿ ಷೋನ್‌ಬ್ರುನ್ ಅರಮನೆ ನೋಡೋದು, ಶಾಪಿಂಗ್ ಭಾನುವಾರಕ್ಕೆ ಇಟ್ಟುಕೊಂಡಿದ್ದೇವೆ.

ವಸುಧಾ
ಅಯ್ಯೋ, ಅದನ್ನು ಅದಲು ಬದಲು ಮಾಡಿ! ಭಾನುವಾರ ಅಲ್ಲಿ ಅಂಗಡಿ ತೆಗೆಯಲ್ಲ. ನಾಶ್‌ಮಾರ್ಕ್ಟ್ ಕೂಡ ರಜಾ. ಶನಿವಾರವೂ ಸಂಜೆ 6ಕ್ಕೆ ಬಾಗಿಲು ಎಳೆಯುತ್ತಾರೆ. ಭಾನುವಾರ ಸಿಗೋದು ಮ್ಯೂಸಿಯಂ ಅಂಗಡಿ, ದೊಡ್ಡ ರೈಲು ನಿಲ್ದಾಣದ ಸೂಪರ್‌ಮಾರ್ಕೆಟ್, ಪ್ರವಾಸಿಗರ ಸಾಮಾನು ಮಾರುವ ಕೆಲವು ಅಂಗಡಿ, ಅಷ್ಟೇ. ಅರಮನೆ ಭಾನುವಾರವೂ ತೆರೆದಿರುತ್ತದೆ. ಮಕ್ಕಳಿಗೆ "ಆಸ್ಟ್ರಿಯಾದಲ್ಲಿ ಕಾಂಗರೂ ಇಲ್ಲ" ಅಂತ ಬರೆದ ಟೀಶರ್ಟ್ ಬರುತ್ತದೆ. ನಮ್ಮವನು ಹರಿಯುವವರೆಗೂ ಹಾಕಿಕೊಂಡ.

ರಾಘು
ಅತ್ತೆಗೆ ಡೇಮೆಲ್‌ನ ಸಕ್ಕರೆ ಹಾಕಿದ ನೇರಳೆ ವಯೋಲೆಟ್ ಹೂವು ನೋಡಿ. ಹಿಂದಿನ ಕಾಲದ ಆಸ್ಟ್ರಿಯಾದ ಮಹಾರಾಣಿ ಎಲಿಜಬೆತ್, ಸಿಸಿ ಅಂತ ಕರೆಯುತ್ತಿದ್ದರು, ಅವಳಿಗೆ ಇಷ್ಟ ಇತ್ತಂತೆ. ಪುಟ್ಟ ಡಬ್ಬಿ, ಹಗುರ. ಮೊಟ್ಟೆ ಇದೆಯಾ ಅಂತ ಅಲ್ಲೇ ಕೇಳಿ ತಗೊಳ್ಳಿ.

ಶೈಲಜಾ
ಮತ್ತೆ ಡೇಮೆಲ್. ಅಂಗಡಿಯವರು ಕಮಿಷನ್ ಕೊಡ್ತಾರಾ ರಾಘು ಅವರೇ?

ರಾಘು
ನಿಮಗೆ ಹೋಟೆಲ್‌ನವರು ಕೊಟ್ಟಷ್ಟೇ.

ಪ್ರಸನ್ನ
ನಂದಿನಿ ಅವರೇ, ಸಾಲ್ಜ್‌ಬರ್ಗ್ ಕಡೆ ಹೋದರೆ ಬೆಳ್ಳಿ-ನೀಲಿ ಹಾಳೆಯದು ಒಂದು ಡಬ್ಬಿ ನನಗೂ ತನ್ನಿ. ದುಡ್ಡು ಮೊದಲೇ ಕಳಿಸುತ್ತೇನೆ.

ಹೇಮಾ
ಅವರಿಗೆ ಇರೋದು ಶನಿವಾರ, ಭಾನುವಾರ. ಸಾಲ್ಜ್‌ಬರ್ಗ್‌ಗೆ ರೈಲಿನಲ್ಲಿ ಹೋಗೋಕೇ ಎರಡೂವರೆ ಗಂಟೆ. ನಿಮ್ಮ ಉಂಡೆಗೋಸ್ಕರ ಅವರು ಅರಮನೆ ಬಿಡಬೇಕಾ? ನೀವೇ ಹೋಗಿ ತಗೊಂಡು ಬನ್ನಿ.